ಸೀಟ್ ಬೆಲ್ಟ್ ಅಲಾರಂ ಕ್ಲಿಪ್: ಐದಕ್ಕೆ ಸೊನ್ನೆ

ಕಾರ್ ಆಕ್ಸೆಸರೀಸ್ ಅಂಗಡಿಯ ಈ ಕ್ಲಿಪ್ ಬರೀ ಒಂದು ಲೋಹದ ನಾಲಿಗೆ. ಬಕಲ್‌ಗೆ ಸಿಕ್ಕಿಸಿದರೆ, ಬೆಲ್ಟ್ ಹಾಕದಿದ್ದಾಗ ಬರುವ ಬೀಪ್ ನಿಲ್ಲುತ್ತದೆ. ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ, ತೊಂದರೆ ಇರುವುದೂ ಅಲ್ಲೇ.

ವಿಮಾನ ಹತ್ತಿದಾಗ ಮರುಮಾತಿಲ್ಲದೆ ಪಟ್ಟಿ ಬಿಗಿಯುವವರೇ ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಇದನ್ನು ಸಿಕ್ಕಿಸಿಕೊಂಡು ಓಡಿಸುತ್ತಾರೆ! ವಿಮಾನದ ಸೊಂಟಪಟ್ಟಿ ಮುಖ್ಯವಾಗಿ ಗಾಳಿಯ ಕುಲುಕಾಟಕ್ಕೆ ಮೇಲೆ ಎಗರದಂತೆ ಹಿಡಿಯುತ್ತದೆ. ಕಾರಿನಲ್ಲಿ ಪೆಟ್ಟು ಹೆಚ್ಚಾಗಿ ಮುಂದಿನಿಂದ, ಅದೂ ಸೂಚನೆಯಿಲ್ಲದೆ. 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ ಸುಮಾರು 14 ಮೀಟರ್ ಎತ್ತರದಿಂದ ಬಿದ್ದಂತೆ. ಅದಕ್ಕೇ ಎದೆಗೂ ಪಟ್ಟಿ. 1959ರಲ್ಲಿ ವೋಲ್ವೋಗೆ ಈ ಮೂರು ಬಿಂದುಗಳ ಬೆಲ್ಟ್ ರೂಪಿಸಿದ ನಿಲ್ಸ್ ಬೋಲಿನ್, ಅದಕ್ಕೂ ಮೊದಲು ವಿಮಾನದ ಎಜೆಕ್ಷನ್ ಸೀಟು (ಅಪಾಯದಲ್ಲಿ ಪೈಲಟನ್ನು ಹೊರಕ್ಕೆ ಚಿಮ್ಮಿಸುವ ಆಸನ) ಮಾಡುತ್ತಿದ್ದವರು.

ಏರ್‌ಬ್ಯಾಗ್ ಇದೆಯಲ್ಲ ಅನ್ನಬೇಡಿ. ಬೆಲ್ಟ್ ಇಲ್ಲದೆ ಮುಂದಕ್ಕೆ ಜಾರಿದ ದೇಹಕ್ಕೆ ಅರಳುತ್ತಿರುವ ಚೀಲವೇ ಹೊಡೆತ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಂದ ಈ ಕ್ಲಿಪ್ ತೆಗೆಸಿದ್ದು ಸುಮ್ಮನೆ ಅಲ್ಲ.

ಪಕ್ಕದ ಸೀಟಿನಲ್ಲಿಟ್ಟ ಸಾಮಾನಿನ ಭಾರಕ್ಕೆ ಬೀಪ್ ಬರುತ್ತಿದ್ದರೆ ಸಾಮಾನನ್ನು ಡಿಕ್ಕಿಗೆ ಹಾಕಿ. ಹಿಂದಿನ ಬಕಲ್ ಸೀಟ್ ಕವರ್ ಅಡಿ ಹೂತಿದ್ದರೆ ಕವರ್‌ನವರಿಂದಲೇ ಸೀಳು ಬಿಡಿಸಿ. ಬೆಲ್ಟನ್ನು ಜೋರಾಗಿ ಒಮ್ಮೆಲೇ ಎಳೆದು ನೋಡಿ, ತಟ್ಟನೆ ಕಚ್ಚಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.