ಹ್ಯಾಂಡಲ್ ಎತ್ತರಿಸಿದ ಹಿಮಾಲಯನ್, ರ‍್ಯಾಚೆಟ್ ಕ್ರಿಂಪಿಂಗ್ ಟೂಲ್: ಕೆಲವು ಮಳೆಗಾಲ ಬಳಸಿದ ಮೇಲೆ

ಬೈಕಿನ ಹ್ಯಾಂಡಲ್ ಬದಲಿಸಿ ವೈರ್ ಉದ್ದ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹ್ಯಾಂಡಲ್ ತಿರುಗಿಸುವಾಗ ವೈರ್ ಬಗ್ಗುವ ಜಾಗದಲ್ಲಿ ಸೋಲ್ಡರ್ (ಲೋಹ ಕರಗಿಸಿ ಹಾಕುವ ಬೆಸುಗೆ) ಬೇಡ, ಕ್ರಿಂಪ್ ಮಾಡಿ, ಅಂದರೆ ಲೋಹದ ಟರ್ಮಿನಲ್ಲಿನಲ್ಲಿ ವೈರ್ ಇಟ್ಟು ಒತ್ತಿ ಕೂರಿಸಿ. ಅದಕ್ಕೊಂದು ರ‍್ಯಾಚೆಟ್ ಇರುವ ಟೂಲ್ ತೆಗೆದುಕೊಳ್ಳಿ. ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿದ ನನ್ನ ಟೂಲಿನಲ್ಲಿ ಹಾಕಿದ ಒಂದು ಜಾಯಿಂಟೂ ಇವತ್ತಿನವರೆಗೆ ಕೈಕೊಟ್ಟಿಲ್ಲ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು. ಓಡಾಟ ಹೆಚ್ಚಾಗಿ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ. ಅಲ್ಲಿಂದ ತೋಟಕ್ಕಿಳಿಯುವ ಮಣ್ಣಿನ ದಾರಿ. ಹೊಂಡ ಬಂದಾಗ ಎದ್ದು ನಿಂತು ಓಡಿಸಲು ಸುಲಭವಾಗಲಿ ಎಂದು ಎತ್ತರದ ಹ್ಯಾಂಡಲ್ ಹಾಕಿಸಿದೆ. ಈ ಬೈಕಿನ ಹೆಡ್‌ಲೈಟ್ ಹ್ಯಾಂಡಲಿನ ಜೊತೆ ತಿರುಗುವುದಿಲ್ಲ, ಫ್ರೇಮಿಗೇ ಕೂತಿದೆ. ಹಾಗಾಗಿ ಸ್ವಿಚ್ಚುಗಳ ವೈರೆಲ್ಲ ಸ್ಟಿಯರಿಂಗ್ ಕುತ್ತಿಗೆಯ ಪಕ್ಕದಲ್ಲೇ ಒಳಗೆ ಹೋಗಬೇಕು. ಪ್ರತಿ ತಿರುವಿಗೂ ಅಲ್ಲಿ ಬಗ್ಗುತ್ತವೆ.

ಹ್ಯಾಂಡಲ್ ಹಾಕಿದ ವರ್ಕ್‌ಶಾಪಿನವರು ವೈರ್ ಕತ್ತರಿಸಿ, ನಡುವೆ ಒಂದು ಗೇಣು ಸೇರಿಸಿ, ಎಲ್ಲವನ್ನೂ ಸೋಲ್ಡರ್ ಮಾಡಿ ಟೇಪ್ ಸುತ್ತಿ ಕೊಟ್ಟಿದ್ದರು. ಮುಂದಿನ ಆಟಿಯ (ಜುಲೈ–ಆಗಸ್ಟ್ ಮಳೆಯ) ಹೊತ್ತಿಗೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಇಂಜಿನ್ ಆಫ್, ನೇರ ಮಾಡಿದರೆ ಸರಿ. ಟೇಪ್ ಬಿಚ್ಚಿದಾಗ ಅದರ ಅಂಟು ಕೈಗೆಲ್ಲ ಮೆತ್ತಿತು, ಒಳಗೆ ನೀರು. ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ಚಿನ ವೈರಿನಲ್ಲಿ ಬೆಸುಗೆ ಗಟ್ಟಿಯಾಗಿಯೇ ಇತ್ತು. ತುಂಡಾದದ್ದು ಅದರಿಂದ ಅರ್ಧ ಬೆರಳು ಆಚೆ, ಇನ್ಸುಲೇಶನ್ ಒಳಗೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸುತ್ತಾ ಹೋದಾಗ ಆ ಒಂದು ಜಾಗದಲ್ಲಿ ಮಾತ್ರ ವೈರ್ ಜೋತುಬಿತ್ತು. ಸಿಪ್ಪೆ ಸುಲಿದು ನೋಡಿದರೆ ಎರಡು ಮೂರು ಎಳೆ ಬಿಟ್ಟು ಉಳಿದದ್ದೆಲ್ಲ ಕಡಿದಿದೆ, ತುದಿಯಲ್ಲಿ ಹಸಿರು ಪುಡಿ.

ಕರಗಿದ ಸೋಲ್ಡರ್ ಹಚ್ಚಿದಲ್ಲೇ ನಿಲ್ಲುವುದಿಲ್ಲ. ಬತ್ತಿ ಎಣ್ಣೆ ಹೀರಿದ ಹಾಗೆ ಎಳೆಗಳ ನಡುವೆ ಇನ್ಸುಲೇಶನ್ ಒಳಗೂ ಏರಿ, ಅಷ್ಟುದ್ದ ವೈರನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ. ಆಮೇಲೆ ಬಗ್ಗುವ ಕೆಲಸವೆಲ್ಲ ಸೋಲ್ಡರ್ ಮುಗಿಯುವ ಒಂದೇ ಗೆರೆಯ ಮೇಲೆ ಬೀಳುತ್ತದೆ. ಸಿಂಗಲ್ ಸಿಲಿಂಡರಿನ ನಡುಕವೂ ಸೇರಿ ಅಲ್ಲಿ ತಾಮ್ರ ಗಡುಸಾಗಿ ಒಂದೊಂದೇ ಎಳೆ ಕಡಿಯುತ್ತದೆ.

ಕ್ರಿಂಪಿನಲ್ಲಿ ಕರಗಿಸುವುದೇ ಇಲ್ಲ. ತೆರೆದ ಬಾಯಿಯ ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆ: ಒಂದು ಜೊತೆ ತಾಮ್ರವನ್ನು ಹಿಡಿಯುತ್ತದೆ, ಹಿಂದಿನದು ಇನ್ಸುಲೇಶನನ್ನು. ಎಳೆತ ಬಂದರೆ ಹಿಂದಿನ ಹಿಡಿತ ತಡೆದುಕೊಳ್ಳುತ್ತದೆ. ಕಂಪನಿಯ ವೈರಿಂಗ್ ಕಿಟ್ಟಿನ ಕನೆಕ್ಟರ್ ಬಿಚ್ಚಿ ನೋಡಿ, ಒಳಗಿರುವುದು ಇದೇ. ಟೂಲಿನ ರ‍್ಯಾಚೆಟ್ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ, ಆದ್ದರಿಂದ ಕೈ ಸೋತಾಗ ಮಾಡಿದ ಜಾಯಿಂಟಿಗೂ ಮೊದಲನೆಯದರಷ್ಟೇ ಒತ್ತು ಬಿದ್ದಿರುತ್ತದೆ. ಹಳೆಯ ಬೆಸುಗೆಯನ್ನೆಲ್ಲ ಕತ್ತರಿಸಿ ತೆಗೆದು, 0.75 ಚದರ ಮಿ.ಮೀ. ವೈರಿಗೆ ಟರ್ಮಿನಲ್ ಹಾಕಿದೆ. ಜಾಯಿಂಟೆಲ್ಲ ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಮಾಡಿ, ಪ್ರತಿಯೊಂದನ್ನೂ ಎಳೆದು ನೋಡಿ, ಒಳಬದಿಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿನಲ್ಲಿ ಅಂಟಿಲ್ಲದ ಸ್ಲೀವ್ ಏನೂ ಸಾಲದು, ಮಾರಾಯ್ರೆ.

"ಕ್ರಿಂಪ್ ಮಾಡಿ ಮೇಲಿನಿಂದ ಸ್ವಲ್ಪ ಸೋಲ್ಡರ್ ಬಿಟ್ಟರೆ ಡಬಲ್ ಗಟ್ಟಿ ಅಲ್ವಾ ಭಾವ?" ಎಂದು ಮನೆಗೆ ಬಂದ ನೆಂಟರೊಬ್ಬರು ಕೇಳಿದರು. ಅಲ್ಲ. ಸೋಲ್ಡರ್ ಮತ್ತೆ ವೈರಿನೊಳಗೆ ಏರಿ ಅದೇ ಕಾಯಿಲೆ ತರುತ್ತದೆ. ಮೊದಲೇ ಸೋಲ್ಡರ್ ಹಚ್ಚಿದ ಎಳೆಗಳನ್ನು ಕ್ರಿಂಪ್ ಮಾಡುವುದು ಇನ್ನೂ ಕೆಟ್ಟದು: ಸೋಲ್ಡರ್ ಮೆತ್ತಗಿನ ಲೋಹ, ಒತ್ತಡದಲ್ಲಿ ನಿಧಾನವಾಗಿ ಸರಿದು ಹಿಡಿತ ಸಡಿಲವಾಗುತ್ತದೆ. ಕ್ರಿಂಪಿಂಗ್, ವೈರಿಂಗ್ ಕೆಲಸಕ್ಕಿರುವ ನಾಸಾದ 8739.4 ಮಾನದಂಡವೂ ಇದನ್ನು ಒಪ್ಪುವುದಿಲ್ಲ.

ಟೂಲಿನಲ್ಲಿ ಕೊರತೆ ಇಲ್ಲದಿಲ್ಲ. ತಲೆ ದಪ್ಪ, ಟ್ಯಾಂಕಿನ ಕೆಳಗೆ ತೂರಿಸಲು ಆಗುವುದಿಲ್ಲ, ವೈರನ್ನೇ ಹೊರಗೆಳೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣ್ಣೆ ಬಿಡದೆ ಇಟ್ಟರೆ ರ‍್ಯಾಚೆಟ್ ತುಕ್ಕು ಹಿಡಿದು ಬಿಗಿಯುತ್ತದೆ. ಡೈಯ (ಟರ್ಮಿನಲ್ ಒತ್ತುವ ಅಚ್ಚಿನ) ಸ್ಕ್ರೂ ಆಗಾಗ ಬಿಗಿ ಮಾಡಬೇಕು. ಆದರೆ ಗಾಳಿಮಳೆಗೆ ಕರೆಂಟು ಹೋಗಿ ಕೂತ ದಿನವೂ ಇದರಲ್ಲಿ ಕೆಲಸ ನಡೆಯುತ್ತದೆ, ಸೋಲ್ಡರಿಂಗ್ ಐರನ್ ಕಾಯಿಸುವ ಗೋಜಿಲ್ಲ. ಸ್ಲೀವ್ ಕುಗ್ಗಿಸಲು ಮಾತ್ರ ಬಿಸಿ ಬೇಕು. ಲೈಟರ್ ಹಿಡಿಯುವ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ.

ಸೋಲ್ಡರನ್ನು ನಾನು ಬಿಟ್ಟಿಲ್ಲ. ಸ್ವಿಚ್ಚಿನ ಒಳಗಿನ ತಗಡು, ಇಂಡಿಕೇಟರಿನ ಎಲ್‌ಇಡಿ, ಅಂದರೆ ವೈರ್ ಅಲುಗಾಡದೆ ಕೂತಿರುವ ಕಡೆ ಅದೇ ಒಳ್ಳೆಯದು. ಅಲ್ಲಿಯೂ ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ರೋಸಿನ್ನಿನದು ಮಾತ್ರ. ಆಸಿಡ್ ಫ್ಲಕ್ಸ್ ಉಳಿದರೆ ತಾಮ್ರವನ್ನು ತಿನ್ನುತ್ತದೆ.

ಕೊಳ್ಳುವಾಗ ಡೈಯನ್ನು ಕಣ್ಣಾರೆ ನೋಡಿ. ಕೆಂಪು, ನೀಲಿ ಪ್ಲಾಸ್ಟಿಕ್ ಹೊದಿಕೆಯ ಲಗ್ಗಿಗೆ (ಅದೂ ಒಂದು ಬಗೆಯ ಟರ್ಮಿನಲ್) ಬರುವ ಡೈ ಮೊಟ್ಟೆಯಾಕಾರದ್ದು. ಅದು ತೆರೆದ ಟರ್ಮಿನಲ್ಲನ್ನು ಜಜ್ಜಿಬಿಡುತ್ತದೆ. ನಿಮಗೆ ಬೇಕಾದದ್ದು ರೆಕ್ಕೆಗಳನ್ನು ಒಳಕ್ಕೆ ಸುರುಳಿ ಮಾಡಿ ಮಡಚುವ, ನಡುವೆ ಏಣು ಇರುವ ಡೈ. ಅಂಗಡಿಗೆ ಹೋಗುವಾಗ ಒಂದು ಟರ್ಮಿನಲ್, ಒಂದು ತುಂಡು ವೈರ್ ಜೇಬಿನಲ್ಲಿರಲಿ, ಅಲ್ಲೇ ಒತ್ತಿ, ಎಳೆದು ನೋಡಿ ದುಡ್ಡು ಕೊಡಿ.