ಕಂಟ್ರೋಲರ್ ಕೊಂಡೆ, ಗೇಮ್ ಅಕೌಂಟ್ ಕಳೆದುಕೊಂಡೆ

ಫೋನಿನಲ್ಲಿ ಆಡೋಕೆ ವೈರ್‌ಲೆಸ್ ಕಂಟ್ರೋಲರ್ (ಕೈಯಲ್ಲಿ ಹಿಡಿದು ಬಟನ್, ಸ್ಟಿಕ್‌ಗಳಿಂದ ಆಡುವ ಸಾಧನ) ತರಿಸುವ ಯೋಚನೆ ಇದ್ದರೆ, ಬುಕ್ ಮಾಡುವ ಮುಂಚೆ ನನ್ನ ಕಥೆ ಕೇಳಿ. ಮೂರು ವರ್ಷ ನಿದ್ದೆಗೆಟ್ಟು ಬೆಳೆಸಿದ ಅಕೌಂಟ್ ನಾಲ್ಕೇ ದಿನದಲ್ಲಿ ಹೋಯಿತು.

ಡಬ್ಬದ ಮೇಲೆ ‘ಎಲ್ಲ ಮೊಬೈಲ್ ಗೇಮ್‌ಗಳಿಗೂ ಆಗುತ್ತದೆ’ ಅಂತ ದಪ್ಪ ಅಕ್ಷರದಲ್ಲಿತ್ತು. ಬ್ಲೂಟೂತ್ ಆನ್ ಮಾಡಿದ ತಕ್ಷಣ ಪೇರ್ ಆಯಿತು. ಒಂದು ರೇಸಿಂಗ್ ಗೇಮ್ ಹಾಕಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಆಮೇಲೆ ನಾನು ದಿನಾ ಆಡುವ ಶೂಟಿಂಗ್ ಗೇಮ್ ತೆರೆದೆ. ಸ್ಟಿಕ್ ಎತ್ತ ತಿರುಗಿಸಿದರೂ ನನ್ನ ಆಟಗಾರ ನೆಟ್ಟ ಕಂಬದ ಹಾಗೆ ನಿಂತೇ ಇದ್ದ.

ಫೋನಿಗೆ ಕಂಟ್ರೋಲರ್ ಕನೆಕ್ಟ್ ಆಗೋದು ಬೇರೆ, ಗೇಮ್ ಅದರ ಮಾತು ಕೇಳೋದು ಬೇರೆ. ಇದು ನನಗೆ ಗೊತ್ತಿರಲಿಲ್ಲ. ಆಂಡ್ರಾಯ್ಡ್ ಬಹಳ ಹಿಂದಿನಿಂದಲೂ ಕಂಟ್ರೋಲರ್ ಗುರುತಿಸುತ್ತದೆ. ಐಫೋನ್ ಕೂಡ 2019ರ ಐಒಎಸ್ 13ರಿಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳನ್ನು ಒಪ್ಪುತ್ತದೆ. ಆದರೆ ಗೇಮ್ ಮಾಡಿದವರೇ ಅದಕ್ಕೆ ಜಾಗ ಕೊಡದಿದ್ದರೆ ಒತ್ತಿದ ಬಟನ್ ಎಲ್ಲಾ ವ್ಯರ್ಥ.

ಅಲ್ಲಿಗೆ ಸುಮ್ನೆ ವಾಪಸ್ ಮಾಡಿದ್ದರೆ ಮುಗಿಯುತ್ತಿತ್ತು. ಕಂಟ್ರೋಲರ್ ಜೊತೆ ಬಂದ ಚೀಟಿಯಲ್ಲಿ ಒಂದು ಆ್ಯಪ್‌ನ ಕ್ಯೂಆರ್ ಕೋಡ್ ಇತ್ತು. ಬಟನ್ ಒತ್ತಿದರೆ ಸ್ಕ್ರೀನಿನ ಮೇಲೆ ಬೆರಳು ಮುಟ್ಟಿದ ಹಾಗೆ ಗೇಮ್ ಅನ್ನು ನಂಬಿಸುವ ಆ್ಯಪ್ ಅದು. ಅದು ಹೇಳಿದ ಹಾಗೆ ಸೆಟ್ಟಿಂಗ್ಸ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದೆ, ಆ್ಯಪ್ ತಯಾರಿಸುವವರಿಗೆಂದೇ ಅಡಗಿಸಿಟ್ಟ ಡೆವಲಪರ್ ಆಪ್ಷನ್ಸ್ ತೆರೆಯಿತು. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್, ಅಂದರೆ ಹೊರಗಿನಿಂದ ಫೋನಿಗೆ ಆದೇಶ ಕೊಡಲು ಬಿಡುವ ಸೆಟ್ಟಿಂಗ್, ಆನ್ ಮಾಡಿದೆ. ಆಕ್ಸೆಸಿಬಿಲಿಟಿ ಅನುಮತಿ ಕೇಳಿತು, ಅದನ್ನೂ ಕೊಟ್ಟೆ. ಸ್ಕ್ರೀನಿನಲ್ಲಿ ಕಾಣುವುದನ್ನೆಲ್ಲ ಆ್ಯಪ್ ಓದಬಹುದು ಅಂತ ಫೋನೇ ಎಚ್ಚರಿಸಿತ್ತು. ಆಡುವ ಆತುರ ನೋಡಿ, ಯಾರು ಓದ್ತಾರೆ?

ಅಷ್ಟೆಲ್ಲ ಮಾಡಿದರೂ ಆಟ ಚೆನ್ನಾಗಿರಲಿಲ್ಲ. ಬಲಗಡೆ ಸ್ಟಿಕ್ ಒಂದೇ ಕಡೆ ಒತ್ತಿ ಹಿಡಿದರೆ ನೋಟ ಸ್ವಲ್ಪ ತಿರುಗಿ ಗಕ್ಕನೆ ನಿಲ್ಲುತ್ತಿತ್ತು. ಬೆರಳು ಸ್ಕ್ರೀನಿನ ಅಂಚು ಮುಟ್ಟಿ, ಎತ್ತಿ, ಮತ್ತೆ ಎಳೆದ ಹಾಗೆ. ಅಷ್ಟರಲ್ಲಿ ಎದುರಿನವನು ಹೊಡೆದುಬಿಡುತ್ತಿದ್ದ. ಬ್ಲೂಟೂತ್ ಇಯರ್‌ಫೋನ್ ಬೇರೆ ಹಾಕಿದ್ದೆ, ಗುಂಡಿನ ಸದ್ದು ಗುಂಡು ತಾಗಿದ ಮೇಲೆ ಕೇಳುತ್ತಿತ್ತು! ಇದರ ಮೇಲೆ ಫೋನ್ ಹಿಡಿಯುವ ಕ್ಲಿಪ್ ಸರಿಯಾಗಿ ಪವರ್ ಬಟನ್ ಮೇಲೆಯೇ ಕೂರುತ್ತಿತ್ತು. ಸ್ವಲ್ಪ ಬಿಗಿಯಾಗಿ ಹಿಡಿದರೆ ಸ್ಕ್ರೀನ್ ಆಫ್.

ನಾಲ್ಕನೇ ದಿನ ಲಾಗಿನ್ ಆಗಲು ಹೋದರೆ ಅಕೌಂಟ್ ಬ್ಯಾನ್. ಹೊರಗಿನ ಆ್ಯಪ್‌ನಿಂದ ಆಟ ನಿಯಂತ್ರಿಸಿದ್ದೀರಿ ಅನ್ನೋದು ಕಾರಣ. ಎರಡು ಸಲ ಮನವಿ ಹಾಕಿದೆ, ಅದೇ ಉತ್ತರ ಬಂತು. ನಿಯಮಗಳ ಪುಟದಲ್ಲಿ ಇದು ಮೊದಲೇ ಇತ್ತು, ಬಿಡಿ. ಆದರೆ ಕಂಟ್ರೋಲರ್ ಮಾರಿದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಂಥ ಆ್ಯಪ್‌ನಿಂದ ಬ್ಯಾನ್ ಆಗಬಹುದು ಅಂತ ಆ ಚೀಟಿಯಲ್ಲಿ ಒಂದು ಸಾಲು ಹಾಕೋಕೆ ಜಾಗ ಇರಲಿಲ್ವಾ?

ಹಾಗಾಗಿ ನೀವು ಆಡುವ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಅನ್ನೋ ಆಯ್ಕೆ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಆ ಗೇಮ್‌ಗೋಸ್ಕರ ಕೊಳ್ಳಬೇಡಿ. ‘ವೈರ್‌ಲೆಸ್’ ಅಂತ ಇದ್ದ ಮಾತ್ರಕ್ಕೆ ಬ್ಲೂಟೂತ್ ಅಂದುಕೊಳ್ಳಬೇಡಿ. ಕೆಲವು ಯುಎಸ್‌ಬಿ ಡಾಂಗಲ್ (ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ರಿಸೀವರ್) ಇದ್ದರೆ ಮಾತ್ರ ಓಡುತ್ತವೆ.

ಇಂಥ ಆ್ಯಪ್ ಈಗಾಗಲೇ ಹಾಕಿಕೊಂಡಿದ್ದರೆ, ಅದನ್ನು ತೆಗೆದ ಮೇಲೆ ಡೀಬಗ್ಗಿಂಗ್ ಮತ್ತು ಡೆವಲಪರ್ ಆಪ್ಷನ್ಸ್ ಕೂಡ ಆಫ್ ಮಾಡಿ. ನಾನು ಬರೀ ಆ್ಯಪ್ ತೆಗೆದು, ಇವನ್ನು ಆನ್ ಇಟ್ಟೇ ಸುಮ್ಮನಾಗಿದ್ದೆ. ಅದಕ್ಕೇ ಬ್ಯಾಂಕಿನ ಆ್ಯಪ್ ಎರಡು ದಿನ ತೆರೆಯಲೇ ಇಲ್ಲ, ಯಾಕೆ ಅಂತ ತಲೆ ಕೆರೆದುಕೊಂಡಿದ್ದೇ ಬಂತು.