ಮಾರ್ಜಿನ್ ಇಲ್ಲದ ಬಿಜಿ: 33,600 ರೂಪಾಯಿಗೆ ನಾಲ್ಕು ಹಾಳೆ

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದು ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುವ ಸಣ್ಣ ಶೆಡ್. ಕೆಲಸದವರು ಆರು ಜನ. ಇದು ಆನ್‌ಲೈನಲ್ಲಿ ಬ್ಯಾಂಕ್ ಗ್ಯಾರಂಟಿ (ಬಿಜಿ) ಮಾಡಿಸಿಕೊಡುವ ಒಂದು ಕನ್ಸಲ್ಟೆನ್ಸಿಯ ರಿವ್ಯೂ. ಹೆಸರು ಹಾಕುವುದಿಲ್ಲ. ಹಾಕಿ ಪ್ರಯೋಜನವೂ ಇಲ್ಲ, ಆ ವೆಬ್‌ಸೈಟ್ ಈಗ ತೆರೆಯುವುದೇ ಇಲ್ಲ, ಇಷ್ಟು ಹೊತ್ತಿಗೆ ಬೇರೆ ಬೋರ್ಡ್ ನೇತು ಹಾಕಿರುತ್ತಾರೆ.

84 ಲಕ್ಷದ ಒಂದು ಸರಕಾರಿ ಸಪ್ಲೈ ಆರ್ಡರ್ ಸಿಕ್ಕಿತ್ತು. ಅದಕ್ಕೆ 5% ಪರ್ಫಾರ್ಮೆನ್ಸ್ ಗ್ಯಾರಂಟಿ, ಅಂದರೆ 4,20,000 ರೂಪಾಯಿಯ ಬಿಜಿ, ಹದಿನೆಂಟು ತಿಂಗಳಿಗೆ. ನಾನು ಆರ್ಡರ್ ಪೂರೈಸದಿದ್ದರೆ ಆ ದುಡ್ಡು ತಾನು ಕೊಡ್ತೇನೆ ಅಂತ ಬ್ಯಾಂಕು ಬರೆದು ಕೊಡುವ ಪತ್ರ ಅದು. ನಮ್ಮ ಬ್ಯಾಂಕಿನಲ್ಲಿ ಕೇಳಿದರೆ ನಿಮ್ಮ ಲಿಮಿಟ್ ತುಂಬಿದೆ, ಅಷ್ಟೂ ದುಡ್ಡಿಗೆ ಎಫ್‌ಡಿ ಇಡಿ, ಅದಕ್ಕೆ ಲೀನ್ ಹಾಕಿ (ಬಿಜಿ ಮುಗಿಯುವ ತನಕ ತೆಗೆಯಲಿಕ್ಕೆ ಆಗದ ಹಾಗೆ ಹಿಡಿದಿಟ್ಟು) ಕೊಡ್ತೇವೆ ಅಂದರು. ನಾನು ಆಗಲೇ ತಾಮ್ರದ ಬಸ್‌ಬಾರಿಗೆ ಅಡ್ವಾನ್ಸ್ ಕೊಟ್ಟು ಕೈ ಖಾಲಿ ಮಾಡಿಕೊಂಡಿದ್ದೆ. ಅದೇ ರಾತ್ರಿ ಫೇಸ್‌ಬುಕ್‌ನಲ್ಲಿ ಜಾಹೀರಾತು: ಮಾರ್ಜಿನ್ (ಮುಂಗಡ ಠೇವಣಿ) ಬೇಡ, ಅಡಮಾನ ಬೇಡ, ಮೂರು ದಿನದಲ್ಲಿ ಬಿಜಿ, ಕಮಿಷನ್ 8%.

ಸರ್ವಿಸ್ ಮಾತ್ರ ಸೂಪರ್, ಸುಳ್ಳು ಹೇಳುವುದಿಲ್ಲ. ರಾತ್ರಿ ಹತ್ತೂವರೆಗೆ ಮೆಸೇಜ್ ಹಾಕಿದರೂ ಎರಡು ನಿಮಿಷದಲ್ಲಿ ಉತ್ತರ. ಘಟ್ಟದ ಮೇಲಿನ ಕನ್ನಡ, ಮಾತು ಮಾತಿಗೂ ಸರ್. ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಎರಡು ವರ್ಷದ ಐಟಿ ರಿಟರ್ನ್ಸ್, ವರ್ಕ್ ಆರ್ಡರ್, ಎಲ್ಲ ಕೇಳಿ ತರಿಸಿಕೊಂಡರು. ಬ್ಯಾಂಕಿನವರಿಗಿಂತ ಜಾಸ್ತಿ ಕಾಗದ ಕೇಳ್ತಾರಲ್ಲ, ಸಾಚಾ ಜನವೇ ಇರಬೇಕು ಅಂತ ನನಗೆ ಅನಿಸಿದ್ದು ನಿಜ. ಫೈಲ್ ಚಾರ್ಜ್ 2,500, ಸ್ಟ್ಯಾಂಪ್ ಮತ್ತು ಎಸ್‌ಎಫ್‌ಎಂಎಸ್ ಚಾರ್ಜ್ ಅಂತ 12,000, ಕೊರಿಯರ್ ಕೈಗೆ ಬಂದ ದಿನ ಉಳಿದ 19,100. ಮೂರೂ ಸಲ ಯುಪಿಐನಲ್ಲಿ ಕಂಪನಿ ಹೆಸರು ಬರಲಿಲ್ಲ, ಯಾರೋ ಒಬ್ಬರ ಹೆಸರು ಬಂತು. ನೋಡಿದೆ. ನೋಡಿಯೂ ಒತ್ತಿದೆ.

ಕಾಗದ ಎಷ್ಟು ಚಂದ ಇತ್ತು ಗೊತ್ತಾ? ಸ್ಟ್ಯಾಂಪ್ ಪೇಪರ್, ಉತ್ತರದ ಯಾವುದೋ ಊರಿನ ಬ್ರಾಂಚಿನ ಲೆಟರ್‌ಹೆಡ್, ಇಬ್ಬರು ಆಫೀಸರುಗಳ ಸಹಿ, ಸಹಿಯ ಕೆಳಗೆ ನಂಬರು, ನೇರಳೆ ಬಣ್ಣದ ದುಂಡು ಸೀಲ್. ಲ್ಯಾಮಿನೇಶನ್ ಮಾಡಿಸುವುದಾ ಅಂತ ನನ್ನ ಹೆಂಡತಿ ಕೇಳಿದಳು. "ಬಿಜಿ ಕೊಟ್ಟಿದ್ದೇವೆ" ಅಂತ ಬ್ಯಾಂಕಿನದೇ ಎನ್ನುವಂಥ ಇಮೇಲ್ ಕೂಡ ಬಂತು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಹೆಂಗಸೊಬ್ಬರು ಎತ್ತಿ ಬಿಜಿ ನಂಬರ್ ಕೇಳಿ, ಲೈನಲ್ಲಿರಿ ಅಂದು, ಸ್ವಲ್ಪ ಹೊತ್ತು ಬಿಟ್ಟು "ಹೌದು, ನಮ್ಮದೇ" ಅಂದರು. ಅವರು ಕೊಟ್ಟ ಕಾಗದದಲ್ಲಿ ಅವರೇ ಬರೆದ ನಂಬರಿಗೆ ಫೋನ್ ಮಾಡಿದರೆ ಇನ್ನೇನು ಹೇಳ್ತಾರೆ, ಅಲ್ವಾ? ಅದು ಹೊಳೆದದ್ದು ಆಮೇಲೆ.

ನನ್ನನ್ನು ಉಳಿಸಿದ್ದು ನನ್ನ ಜಂಬ. ಕಾಗದ ಸೀದಾ ಆರ್ಡರ್ ಕೊಟ್ಟ ಸರಕಾರಿ ಆಫೀಸಿಗೆ ಕೊಡುವ ಬದಲು, ನೀವು ಕೊಡದಿದ್ದರೂ ನನಗೆ ಸಿಕ್ಕಿತು ಅಂತ ತೋರಿಸಲಿಕ್ಕೆ ಮೊದಲು ನಮ್ಮ ಬ್ರಾಂಚಿಗೆ ಹೋದೆ. ಸಾಲದ ವಿಭಾಗದ ಮೇಡಂ ಓದಲೂ ಇಲ್ಲ. "ಎಸ್‌ಎಫ್‌ಎಂಎಸ್ ಯಾವ ಬ್ರಾಂಚಿಗೆ ಕಳಿಸಿದ್ದಾರೆ ಮಾರಾಯ್ರೆ?" ಅಂತ ಕೇಳಿದರು. ನನಗೆ ಗೊತ್ತಿಲ್ಲ. "ಆಫೀಸಿನವರ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ನಿಮ್ಮಿಂದ ತಗೊಂಡಿದ್ದಾರಲ್ಲ?" ತಗೊಂಡಿರಲಿಲ್ಲ! ಅಷ್ಟೆಲ್ಲ ಕಾಗದ ಕೇಳಿದವರು ಅದೊಂದನ್ನು ಕೇಳಿರಲೇ ಇಲ್ಲ, ಟೆಂಡರ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರೂ.

ಈಗ ಗೊತ್ತಾಗಿದೆ. ಬಿಜಿ ಕೊಟ್ಟ ಬ್ಯಾಂಕು, ಗ್ಯಾರಂಟಿ ಪಡೆಯುವವರ ಬ್ಯಾಂಕಿಗೆ ಎಸ್‌ಎಫ್‌ಎಂಎಸ್ ಅನ್ನುವ ಬ್ಯಾಂಕುಗಳದ್ದೇ ಜಾಲದಲ್ಲಿ ಒಂದು ಸಂದೇಶ ಕಳಿಸಬೇಕು. ಅದಕ್ಕೆ 760 ಕವರ್ ಮೆಸೇಜ್ ಅನ್ನುತ್ತಾರೆ, ತಿದ್ದುಪಡಿಯಾದರೆ 767. ಆ ಜಾಲ ನಡೆಸುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಹೊರಗಿನವರಿಗೆ ಒಳಗೆ ಹೋಗಲಿಕ್ಕೆ ದಾರಿ ಇಲ್ಲ. ಅಲ್ಲಿ ಸಂದೇಶ ಇಲ್ಲ ಅಂದರೆ ಕೈಯಲ್ಲಿರುವುದು ಬರೀ ಕಾಗದ.

ಆಮೇಲೆ ಮೇಡಂ ನಾಲ್ಕು ಹಾಳೆ ಬಿಡಿಸಿ, ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದರು. ನಾಲ್ಕೂ ಪುಟದ ಸಹಿ ಒಂದೇ ಸಹಿಯಾಗಿ ಕೂತಿತು. ಬಾಲ ಕೂಡ ಅದೇ ಜಾಗದಲ್ಲಿ ಗೆರೆ ಮುಟ್ಟುತ್ತದೆ, ಸೀಲಿನ ಶಾಯಿ ಅದೇ ಮೂಲೆಯಲ್ಲಿ ಹರಡಿದೆ. ಮನುಷ್ಯ ನಾಲ್ಕು ಸಲ ಹಾಗೆ ಸಹಿ ಹಾಕಲಿಕ್ಕೆ ಸಾಧ್ಯವೇ ಇಲ್ಲ. ಇಮೇಲ್ ತೆಗೆದು ನೋಡಿದರೆ ವಿಳಾಸದಲ್ಲಿ ಬ್ಯಾಂಕಿನ ಹೆಸರಿನ ನಡುವೆ ಒಂದು ಸಣ್ಣ ಅಡ್ಡಗೆರೆ, ಕೊನೆಗೆ ಡಾಟ್ ಕೋ ಡಾಟ್ ಇನ್. ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತಂತೆ, ನನಗೆ ಆ ವಿಷಯವೇ ಗೊತ್ತಿರಲಿಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕತೆ ಅಂತ ಆಮೇಲೆ ಓದಿದೆ. ಸೋಲಾರ್ ಎನರ್ಜಿ ಕಾರ್ಪೊರೇಷನ್‌ಗೆ ಸಲ್ಲಿಸಿದ 68 ಕೋಟಿಯ ಬಿಜಿ ನಕಲಿ ಅಂತ ಇ.ಡಿ. 2025ರಲ್ಲಿ ಕೇಸು ಹಿಡಿಯಿತು. ಅಲ್ಲೂ ಎಸ್‌ಬಿಐ ಹೆಸರಿನ ನಡುವೆ ಅಡ್ಡಗೆರೆ ಹಾಕಿದ ಇಮೇಲ್, ಅಲ್ಲೂ 8% ಕಮಿಷನ್ ಅಂತ ಇ.ಡಿ. ಹೇಳಿದೆ. ರೇಟ್ ಕೂಡ ಒಂದೇ ನೋಡಿ. ಅದೇ ವರ್ಷ ಮಧ್ಯಪ್ರದೇಶದ ಜಲ ನಿಗಮಕ್ಕೆ ಕೊಟ್ಟ 183 ಕೋಟಿಯ ಬಿಜಿಗಳು ನಕಲಿ ಅಂತ ಸಿಬಿಐ ಕೇಸು.

ನನಗೆ ಜಾಸ್ತಿ ನಾಚಿಕೆಯಾಗುವುದು ಲೆಕ್ಕ ಹಾಕಿದಾಗ. ನಮ್ಮ ಬ್ಯಾಂಕು ಹೇಳಿದ್ದು ವರ್ಷಕ್ಕೆ 2% ಕಮಿಷನ್. ಒಂದೂವರೆ ವರ್ಷಕ್ಕೆ 12,600, ಅದಕ್ಕೆ 18% ಜಿಎಸ್‌ಟಿ ಸೇರಿಸಿ 14,868. ಎಫ್‌ಡಿಗೆ ಬಡ್ಡಿ ಬೇರೆ ಬರ್ತಿತ್ತು. ನಾನು ಕೊಟ್ಟದ್ದು ಎರಡು ಪಾಲಿಗಿಂತ ಜಾಸ್ತಿ. ಅದೂ ಎಲ್ಲಿ ಕೂತು? ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ, ಐದು ಬ್ಯಾಂಕು ಹುಟ್ಟಿದ್ದು ನಮ್ಮ ಮಂಗಳೂರು ಉಡುಪಿಯಲ್ಲಿ. ನನ್ನ ಅಜ್ಜ ದಿನಾ ಚೂರು ಚೂರು ಪಿಗ್ಮಿ ಕಟ್ಟಿಯೇ ಮನೆಗೆ ಹಂಚು ಹಾಕಿಸಿದವರು. ಗುರುತು ಪರಿಚಯ ಇಲ್ಲದವನಿಗೆ, ಏನೂ ಅಡ ಇಡದೆ, "ಇವನು ತಪ್ಪಿದರೆ ನಾನು ಕೊಡ್ತೇನೆ" ಅಂತ ಯಾವ ಬ್ಯಾಂಕೂ ಬರೆದು ಕೊಡುವುದಿಲ್ಲ ಅನ್ನುವುದು ಅವರಿಗಾದರೆ ಒಂದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಆ ಕಾಗದ ಆಫೀಸಿಗೆ ಕೊಟ್ಟಿದ್ದರೆ 33,600 ಹೋದದ್ದು ದೊಡ್ಡ ವಿಷಯವೇ ಆಗುತ್ತಿರಲಿಲ್ಲ. ಇಎಂಡಿ (ಟೆಂಡರಿಗೆ ಕಟ್ಟಿದ ಠೇವಣಿ) ಮುಟ್ಟುಗೋಲು, ಬ್ಲ್ಯಾಕ್‌ಲಿಸ್ಟ್, ಮೇಲೆ ಫೋರ್ಜರಿ ಕೇಸು. ಕೊಟ್ಟವನು ನಾನೇ ತಾನೇ.

ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೂ ಹೋಗಿ ಬಂದೆ. ಕೊನೆಯ 19,100ರಲ್ಲಿ 9,000 ಆ ಖಾತೆಯಲ್ಲೇ ಉಳಿದಿತ್ತು, ತಡೆ ಹಾಕಿದ್ದಾರೆ, ನನ್ನ ಕೈಗೆ ಇನ್ನೂ ಬಂದಿಲ್ಲ. ಬಿಜಿಗೆ ಭಾವನ ಹತ್ತಿರ ಕೈಸಾಲ ಮಾಡಿ ಎಫ್‌ಡಿ ಇಟ್ಟೆ, ನಾಲ್ಕು ದಿನದಲ್ಲಿ ಸಿಕ್ಕಿತು. ಎಫ್‌ಡಿಗೂ ಗತಿ ಇಲ್ಲದವರು ಟೆಂಡರಿನಲ್ಲಿ ಬಿಜಿ ಬದಲು ವಿಮೆ ಕಂಪನಿಯ ಶ್ಯೂರಿಟಿ ಬಾಂಡ್ ಒಪ್ಪುತ್ತಾರಾ ಅಂತ ಕೇಳಿ ನೋಡಿ. 2022ರಿಂದ ಅದಕ್ಕೆ ಅವಕಾಶ ಇದೆ, ಎಲ್ಲ ಕಡೆ ಒಪ್ಪುವುದಿಲ್ಲ.

ನಾಲ್ಕು ಹಾಳೆ ಈಗ ಠಾಣೆಯಲ್ಲಿದೆ. ಜೆರಾಕ್ಸ್ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಬಿಜಿ ಬೇಕು ಅಂತ ಓಡಾಡುತ್ತಿರುವವರು ಯಾರಾದರೂ ಬೈಕಂಪಾಡಿ ಕಡೆ ಬಂದರೆ ಬನ್ನಿ, ಟ್ಯೂಬ್‌ಲೈಟಿಗೆ ಹಿಡಿದು ತೋರಿಸುತ್ತೇನೆ.